ಅಜ್ಜಿ ಎಂಬ ಆಜ್ಞೆ

ಎಂಟರ್ ಒತ್ತಿದ್ದೇ ತಡ, ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಮುನ್ನೂರ ಹನ್ನೆರಡು ಹಸಿರು ಸಾಲುಗಳು ಮೇಲೆ ಕೆಳಗೆ ಜಿಗಿದು, ತಮ್ಮ ತಮ್ಮ ತಾರೀಖಿನ ಪ್ರಕಾರ ಶಿಸ್ತಾಗಿ ನಿಂತುಬಿಟ್ಟವು.

"ಆಯ್ತಾ?" ಎಂದ ಆಪರೇಟರ್, ಕೈಯಲ್ಲಿದ್ದ ಟೀ ಲೋಟವನ್ನು ಬಾಯಿಗೆ ತರುವುದನ್ನೂ ಮರೆತು.

"ಆಯ್ತು."

"ಅಷ್ಟೇನಾ?"

"ಅಷ್ಟೇ. ಎರಡು ಸೆಕೆಂಡೂ ಹಿಡೀಲಿಲ್ಲ. ಆ ಕಡೆ ನೋಡು, ಅವರಿನ್ನೂ ನಲವತ್ತನೇ ಸಾಲಲ್ಲಿದಾರೆ."

ಆ ಕಡೆ ಎಂದರೆ ಕಿಟಕಿಯ ಪಕ್ಕದ ಮೇಜು. ಅಲ್ಲಿ ಪಟ್ಟಿಯ ಗುಮಾಸ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಪರದೆಯ ಎಡ ಅಂಚಿನಲ್ಲಿ ಒಂದು ಅಕ್ಷರ ಒತ್ತುತ್ತಿದ್ದಳು. ಎಂ ಒತ್ತಿದರೆ ಈ ಸಾಲನ್ನು ಎತ್ತಬೇಕು ಎಂದು ಅರ್ಥ. ಆಮೇಲೆ ಪುಟ ತಿರುವಿ, ಜಾಗ ಹುಡುಕಿ, ಇನ್ನೊಂದು ಸಾಲಿನ ಎಡಕ್ಕೆ ಎ ಒತ್ತಿದರೆ, ಇದರ ಕೆಳಗೆ ಇಡಬೇಕು ಎಂದು. ಒಂದು ಸಾಲು ಕದಲಿಸಲು ಅರ್ಧ ನಿಮಿಷ. ದಿನಾ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಅವಳು ಮಾಡುತ್ತಿದ್ದುದು ಇದನ್ನೇ: ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ನಿಗೆ ಕಾಯುತ್ತಿರುವವರ ಪಟ್ಟಿಯನ್ನು ಒಂದೊಂದೇ ಸಾಲು ಎತ್ತಿ ಇಟ್ಟು ಜೋಡಿಸುವುದು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಮದುವೆಯಾಗದ, ಮಕ್ಕಳುಮರಿ ಇಲ್ಲದ ಅವಳನ್ನು ಕಂಪ್ಯೂಟರ್ ವಿಭಾಗದವರೆಲ್ಲ ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಅಜ್ಜಿ ಎನ್ನುತ್ತಿದ್ದರು.

ಮ್ಯಾಕ್ರೋ ಬರೆದ ಪುಣ್ಯಾತ್ಮನಿಗೂ ಒಂದು ಅಡ್ಡಹೆಸರಿತ್ತು, ಶಾರ್ಟ್‌ಕಟ್. ಅದನ್ನು ಮುಖದ ಮೇಲೇ ಕರೆಯುತ್ತಿದ್ದರು, ಅವನಿಗೂ ಅದು ಇಷ್ಟವೇ. ಮೂವತ್ತಾರರ ಪ್ರೋಗ್ರಾಮರ್. ಯಾವ ಕೆಲಸವನ್ನೂ ಎರಡನೇ ಸಲ ಕೈಯಿಂದ ಮಾಡಬಾರದು ಎನ್ನುವುದು ಅವನ ಹಟ. ಹತ್ತು ಆಜ್ಞೆಗಳನ್ನು ಒಂದು ಗಂಟು ಕಟ್ಟಿ ಅದಕ್ಕೊಂದು ಹೆಸರಿಟ್ಟರೆ ಮ್ಯಾಕ್ರೋ. ಆಮೇಲೆ ಪರದೆಯ ತಲೆಯ ಮೇಲಿನ ಖಾಲಿ ಗೆರೆಯಲ್ಲಿ ಆ ಹೆಸರು ಹೊಡೆದರೆ ಸಾಕು, ಹತ್ತೂ ಕೆಲಸ ತಾವಾಗಿಯೇ ಆಗುತ್ತವೆ. ಪಟ್ಟಿಯ ಈ ಮ್ಯಾಕ್ರೋವನ್ನು ಅವನು ಒಂದು ಮಧ್ಯಾಹ್ನ ಬೇಸರಕ್ಕೆ ಬರೆದದ್ದು. ಯಾರೂ ಕೇಳಿರಲಿಲ್ಲ.

"ಹೆಸರೇನಿಟ್ಟೆ?" ಎಂದ ಆಪರೇಟರ್.

ಶಾರ್ಟ್‌ಕಟ್ ಮಾತಾಡದೆ ಮೇಲಿನ ಗೆರೆಯಲ್ಲಿ ಮತ್ತೊಮ್ಮೆ ಹೊಡೆದು ತೋರಿಸಿದ. ನಾಲ್ಕೇ ಇಂಗ್ಲಿಷ್ ಅಕ್ಷರ. ಆಪರೇಟರನ ಟೀ ನೆತ್ತಿಗೇರಿತು. ಅವನು ಕೆಮ್ಮುತ್ತ ನಗುತ್ತ ಮೇಜು ಹಿಡಿದುಕೊಂಡ. ಕಿಟಕಿಯ ಕಡೆಯಿಂದ ಅವಳು ತಿರುಗಿ ನೋಡಿದಳು.

"ಏನ್ರಪ್ಪಾ ಅದು, ನಮಗೂ ಹೇಳಿ, ನಾವೂ ಒಂದಿಷ್ಟು ನಗೋಣ."

"ಏನಿಲ್ಲ ಮೇಡಂ, ಇವನ ಮದುವೆ ವಿಷಯ" ಎಂದ ಶಾರ್ಟ್‌ಕಟ್, ಆಪರೇಟರನತ್ತ ಕೈ ತೋರಿಸಿ.

"ಹಾಗಾದ್ರೆ ನಗೋ ವಿಷಯಾನೇ" ಎಂದು ಅವಳು ಮತ್ತೆ ಪರದೆಗೆ ತಿರುಗಿದಳು. ಆ ದಿನ ಶಾರ್ಟ್‌ಕಟ್‌ಗೆ ಎರಡು ಕೋಡು ಮೂಡಿದಷ್ಟು ಖುಷಿ. ಮನೆಗೆ ಹೋಗಿ ಹೆಂಡತಿಗೂ ಹೇಳಿಕೊಂಡು ನಕ್ಕ. ಎರಡು ತಿಂಗಳು ಅದು ವಿಭಾಗದವರ ಆಟದ ಸಾಮಾನಾಗಿತ್ತು. ಬೇಜಾರಾದಾಗ ಯಾರಾದರೂ ಪಟ್ಟಿಯ ಒಂದು ನಕಲು ತೆರೆದು ಅದನ್ನು ಓಡಿಸಿ ನಗುತ್ತಿದ್ದರು. ನಿಜವಾದ ಪಟ್ಟಿಯನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಧೈರ್ಯ ಬಂದದ್ದು ಅವಳು ರಜೆ ಹಾಕಿದಾಗ. ದವಡೆ ಹಲ್ಲು ಕೀಳಿಸಬೇಕಾಗಿ ಬಂದು ಒಂದು ಸೋಮವಾರ, ಮಂಗಳವಾರ ರಜೆ ಕೇಳಿದಳು. ಹೋಗುವ ಮುಂಚೆ ಶುಕ್ರವಾರ ಸಂಜೆ ಆರರವರೆಗೂ ಕೂತು ಮುಂದಿನ ವಾರದ ಪಟ್ಟಿಯನ್ನು ಸಿದ್ಧ ಮಾಡಿಟ್ಟಳು. ಸೂಪರಿಂಟೆಂಡೆಂಟರು ಶಾರ್ಟ್‌ಕಟ್‌ನ ಭುಜದ ಮೇಲೆ ಕೈಯಿಟ್ಟು, "ಎಲ್ಲಾ ರೆಡಿ ಇದೆಯಂತೆ, ನೀವು ಮಂಗಳವಾರ ಬರೀ ಜಾಬ್ ಓಡಿಸಿದ್ರೆ ಆಯ್ತು" ಎಂದರು. ಜಾಬ್ ಓಡಿದರೆ ಯಂತ್ರ ಪಟ್ಟಿಯ ಮೊದಲ ಹದಿನೈದು ಸಾಲು ಓದಿ ಮುಂದಿನ ವಾರದ ಆಪರೇಷನ್ನಿನ ಕಾಗದ ಮುದ್ರಿಸುತ್ತದೆ. ಉಳಿದವರಿಗೆ ಇನ್ನೆಷ್ಟು ವಾರ ಕಾಯಬೇಕೆಂಬ ಕಾಗದ. ಅವಳ ಮೇಜಿನ ಪರದೆಗೆ ಒಂದು ಚೀಟಿ ಅಂಟಿಸಿತ್ತು: "ವಾರ್ಡಿನಿಂದ ಬರುವ ಹೊಸ ಹೆಸರುಗಳನ್ನು ಕೊನೆಗೆ ಸೇರಿಸಿ, ಹನ್ನೊಂದಕ್ಕೆ ಜಾಬ್ ಓಡಿಸಿ. ಬೇರೇನೂ ಮುಟ್ಟಬೇಡಿ." ಬೇರೇನೂ ಎಂಬುದರ ಕೆಳಗೆ ಎರಡು ಗೆರೆ.

ಆ ಎರಡು ಗೆರೆ ಅವನನ್ನು ಕೆರಳಿಸಿತು ಎಂದರೂ ತಪ್ಪಲ್ಲ. ಮಂಗಳವಾರ ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ಪಟ್ಟಿ ತೆರೆದ. ಹದಿನಾಲ್ಕು ಹೊಸ ಹೆಸರು ಕೊನೆಗೆ ಸೇರಿಸಿದ. ಆಮೇಲೆ ಮೇಲಿನ ಪುಟ ನೋಡಿದರೆ ತಾರೀಖುಗಳೆಲ್ಲ ಚೆಲ್ಲಾಪಿಲ್ಲಿ. ಮೇ ತಿಂಗಳಲ್ಲಿ ಹೆಸರು ಬರೆಸಿದವರು ಜನವರಿಯವರ ತಲೆಯ ಮೇಲೆ ಕೂತಿದ್ದಾರೆ. ಮೊನ್ನೆ ಮೊನ್ನೆ ಬಂದವನೊಬ್ಬ ಏಳನೇ ಸಾಲಿನಲ್ಲಿದ್ದಾನೆ.

"ಇದೇನು ಜೋಡಿಸಿರೋದಾ, ಕಲಸಿರೋದಾ?" ಎಂದ ಆಪರೇಟರ್, ಅವನ ಭುಜದ ಹಿಂದೆ ಬಗ್ಗಿ.

"ಕಣ್ಣು ಮಂಜಾಗಿದೆ ಪಾಪ. ಅವರ ಹೆಸರೂ ಈ ಪಟ್ಟೀಲೇ ಸೇರಿಸ್ಬೇಕು."

ಇಬ್ಬರೂ ನಕ್ಕರು. ಶಾರ್ಟ್‌ಕಟ್ ನಾಲ್ಕಕ್ಷರ ಹೊಡೆದು ಎಂಟರ್ ಒತ್ತಿದ. ಸಾಲುಗಳು ಜಿಗಿದವು. ಉಳಿಸಿದ. ಜಾಬ್ ಓಡಿಸಿದ. ಪಕ್ಕದ ಕೋಣೆಯಲ್ಲಿ ಮುದ್ರಣಯಂತ್ರ ಗರಗರ ಎನ್ನತೊಡಗಿತು. ಆ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿದ.

ಬುಧವಾರ ಅವಳು ಬಂದಾಗ ಎಡಗೆನ್ನೆ ಊದಿಕೊಂಡಿತ್ತು, ಮಾತು ತೊದಲುತ್ತಿತ್ತು. ಕೈಚೀಲ ಇಟ್ಟು ಕೂತು ಪಟ್ಟಿ ತೆರೆದಳು. ಆಮೇಲೆ ಬಹಳ ಹೊತ್ತು ಕೀಲಿಮಣೆಯ ಸದ್ದೇ ಇಲ್ಲ. ಶಾರ್ಟ್‌ಕಟ್ ಕಳ್ಳಗಣ್ಣಿನಿಂದ ನೋಡಿದ. ಅವಳು ಪುಟ ತಿರುವಿದಳು, ಹಿಂದೆ ಬಂದಳು, ಮತ್ತೆ ತಿರುವಿದಳು. ಕೊನೆಗೆ ಎದ್ದು ಅವನ ಮೇಜಿನ ಹತ್ತಿರ ಬಂದಳು.

"ನಾನಿಲ್ದಾಗ ಪಟ್ಟಿ ಯಾರಾದ್ರೂ ಮುಟ್ಟಿದ್ರಾ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಜಗಳವಾಡಿಯಾದರೂ ನಿಜ ಹೇಳುತ್ತಿದ್ದನೇನೋ. ಅವಳ ಮುಖ ಬಿಳಿಚಿಕೊಂಡಿತ್ತು. ಏನೋ ದೊಡ್ಡದೇ ಆಗಿದೆ ಎಂದು ಅವನಿಗೆ ಆ ಕ್ಷಣಕ್ಕೇ ಹೊಳೆಯಿತು, ಹೊಳೆದದ್ದರಿಂದಲೇ ಹೆದರಿಕೆಯಾಯಿತು.

"ಇಲ್ವಲ್ಲ ಮೇಡಂ. ಹೊಸ ಹೆಸರು ಕೊನೆಗೆ ಸೇರಿಸ್ದೆ, ಜಾಬ್ ಓಡಿಸ್ದೆ. ಅಷ್ಟೇ."

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. "ಸರಿ" ಎಂದು ಹೊರಟುಹೋದಳು.

ಸುಳ್ಳು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಇನ್ನೊಂದು ನೆನಪಾಯಿತು. ಯಾವುದೇ ಕಡತವನ್ನು ಕೊನೆಗೆ ಯಾರು ಉಳಿಸಿದರೋ ಅವರ ಗುರುತು ಅದರ ಹೆಸರಿನ ಪಕ್ಕ ಬರುತ್ತದೆ. ಆ ಗುರುತು ಈಗ ಅವನದು. ಹೊಸ ಹೆಸರು ಸೇರಿಸಿದ್ದಕ್ಕೂ ಅದೇ ಗುರುತು ಬರುತ್ತಿತ್ತಾದ್ದರಿಂದ ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ತನಗೆ ತಾನೇ ಲಾಯರಾದ. ಆದರೂ ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದ. ಅವಳು ಬುಧವಾರವೆಲ್ಲ, ಗುರುವಾರವೆಲ್ಲ, ಊದಿದ ಕೆನ್ನೆಗೆ ಅಂಗೈ ಒತ್ತಿಕೊಂಡು ಒಂದೊಂದೇ ಸಾಲು ಎತ್ತಿ ಎತ್ತಿ ಇಟ್ಟಳು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಗುರುವಾರ ಸಂಜೆ ಅವಳು ಉಳಿಸಿದ ಮೇಲೆ ಅವನು ನೋಡಿದರೆ ಅವನ ಗುರುತು ಹೋಗಿ ಅವಳ ಗುರುತು ಬಂದಿತ್ತು. ಅಬ್ಬಾ ಎಂದು ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಗಳಿಗೆಯೇ, ಹಾಗಾದದ್ದಕ್ಕೆ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಮುಂದಿನ ಸೋಮವಾರ ದರ್ಜಿ ಬಂದ. ವಿಭಾಗದ ಗೋಡೆಯಲ್ಲಿ ವಾರ್ಡಿನವರು ಕಾಗದ ಕೊಡಲಿಕ್ಕೆ ಒಂದು ಸಣ್ಣ ಕಿಂಡಿಯಿದೆ. ಅದರ ಆಚೆ ನಿಂತು, ಒಂದು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು, "ಪಟ್ಟಿ ಬರೆಯೋ ಅಮ್ಮ ಇದಾರಾ?" ಎಂದು ಕೇಳಿದ. ಅವಳು ಎದ್ದು ಹೋದಳು.

"ನಾನು ದರ್ಜಿ ಕಣಮ್ಮಾ. ಎರಡು ಸಲ ಬಂದು ವಾಪಸ್ ಹೋದವನು."

"ಗೊತ್ತು ಗೊತ್ತು. ಮೊದಲನೇ ಸಲ ಡಾಕ್ಟ್ರು ಇರ್ಲಿಲ್ಲ, ಎರಡನೇ ಸಲ ನಿಮ್ಮ ಬೀಪಿ ಜಾಸ್ತಿ ಆಗಿತ್ತು."

"ಹಾಂ, ಅದೇ. ಈ ಸಲ ಖಂಡಿತ ಆಗುತ್ತೆ ಅಂದಿದ್ರಿ. ಈಗ ನೋಡಿದ್ರೆ ಇನ್ನೂ ಇಪ್ಪತ್ತು ವಾರ ಅಂತ ಕಾಗದ ಬಂದಿದೆ. ಪಕ್ಕದ ಮನೆಯವರ ಹತ್ರ ಓದಿಸ್ದೆ, ತಪ್ಪು ಓದಿದ್ರೇನೋ ಅಂತ ಬಂದೆ." ಅವನು ಜಗಳಕ್ಕೆ ಬಂದವನಂತೆ ಕಾಣಲಿಲ್ಲ. ತನ್ನಿಂದಲೇ ಏನೋ ಎಡವಟ್ಟಾಗಿದೆ ಎನ್ನುವವನಂತೆ ನಗುತ್ತಿದ್ದ. "ಸೂಜಿಗೆ ದಾರ ಹೆಂಡ್ತಿ ಪೋಣಿಸಿ ಕೊಡ್ತಿದ್ಲು, ನಡೀತಿತ್ತು. ಈಗ ಹೊಲಿಗೆ ಎಲ್ಲಿ ಹೋಗ್ತಿದೆ ಅಂತಾನೇ ಕಾಣಲ್ಲ. ಮೊನ್ನೆ ಒಬ್ಬರ ಕೋಟಿನ ತೋಳು ಮುಚ್ಚಿ ಹೊಲಿದುಬಿಟ್ಟೆ. ಅಂಗಡಿ ಬಾಗಿಲು ಹಾಕಿದೀನಿ."

"ಓದಿದ್ದು ಸರಿಯಾಗೇ ಇದೆ" ಎಂದಳು ಅವಳು. "ತಪ್ಪು ಇಲ್ಲಿ ಆಗಿದೆ. ಪಟ್ಟಿ ಕೆಟ್ಟುಹೋಗಿತ್ತು, ಮತ್ತೆ ಸರಿ ಮಾಡಿದೀನಿ. ನಾಳಿನ ಕಾಗದದಲ್ಲಿ ನಿಮ್ಮ ಹೆಸರು ಮೊದಲನೇದು."

"ಹೇಗೆ ಕೆಟ್ಟೋಯ್ತಮ್ಮಾ?"

ಅವಳು ತಡವರಿಸಿದಳು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. ಶಾರ್ಟ್‌ಕಟ್ ತನ್ನ ಮೇಜಿನಲ್ಲಿ ತಲೆ ತಗ್ಗಿಸಿ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಂಡ. ಆಪರೇಷನ್ ರದ್ದಾದರೆ ವಾರ್ಡಿನವರು ಅವರನ್ನು ಹೊಸದಾಗಿ ಬರೆಸುತ್ತಾರೆ, ಹೊಸ ತಾರೀಖು ಬೀಳುತ್ತದೆ. ತಾರೀಖು ನೋಡಿದರೆ ಅವರು ನಿನ್ನೆ ಬಂದವರು. ಅವರು ವರ್ಷದಿಂದ ಕಾಯುತ್ತಿದ್ದಾರೆ ಎಂದು ಆ ಸಾಲಿನಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಅದಕ್ಕೇ ಅವಳು ಪ್ರತಿದಿನ ಅಂಥವರನ್ನು ಕೈಯಿಂದ ಎತ್ತಿ ಅವರವರ ಹಳೆಯ ಜಾಗಕ್ಕೆ ತಂದಿಡುತ್ತಾಳೆ. ಯಾರು ಎಷ್ಟು ಸಲ ಬಂದು ವಾಪಸ್ಸು ಹೋದರು ಎನ್ನುವುದು ಅವಳ ತಲೆಯಲ್ಲಿ ಬಿಟ್ಟರೆ ಸಾಲುಗಳ ಆ ಕ್ರಮದಲ್ಲಿ ಮಾತ್ರ ಇತ್ತು. ಅದನ್ನೇ ಅವನು ಎರಡು ಸೆಕೆಂಡಿನಲ್ಲಿ ಅಳಿಸಿದ್ದು.

ಆಗ ಅವನಿಗೆ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಅವಳು ಬಂದು ನಿಂತು, "ಸಾಲಲ್ಲಿ ಒಂದೇ ಒಂದು ಅಕ್ಷರದ ಜಾಗ ಮಾಡಿಕೊಡ್ತೀರಾ? ಎಷ್ಟು ಸಲ ರದ್ದಾಗಿದೆ ಅಂತ ಒಂದು ಅಂಕಿ ಹಾಕಿಟ್ಕೋತೀನಿ" ಎಂದು ಕೇಳಿದ್ದಳು. ಸಾಲಿಗೆ ಎಂಬತ್ತು ಅಕ್ಷರದ ಮಿತಿ. "ಎಂಬತ್ತೂ ತುಂಬಿದೆ ಮೇಡಂ, ಆಗಲ್ಲ" ಎಂದು ಅವನು ಪರದೆಯಿಂದ ತಲೆ ಎತ್ತದೆ ಹೇಳಿದ್ದ. ಈಗ ಪಟ್ಟಿ ತೆರೆದು ಬಲತುದಿಗೆ ಹೋಗಿ ನೋಡಿದ. ಎಂಬತ್ತನೆಯ ಜಾಗ ಮೇಲಿಂದ ಕೆಳಗಿನವರೆಗೆ ಖಾಲಿಯಿತ್ತು.

ದರ್ಜಿ ಸುಮ್ಮನೆ ಹೋದರೂ ಅವನ ವಾರ್ಡಿನ ಡಾಕ್ಟರು ಸುಮ್ಮನಿರಲಿಲ್ಲ. ಎರಡೆರಡು ಸಲ ವಾಪಸ್ಸು ಹೋದ ಐದು ಜನರಿಗೆ ಹೀಗೆ ಕಾಗದ ಹೋಗಿದೆ ಎಂದು ಬರೆದು ಕಳಿಸಿದರು. ಮಂಗಳವಾರ ಮಧ್ಯಾಹ್ನ ಸೂಪರಿಂಟೆಂಡೆಂಟರು ಪಟ್ಟಿಯ ಗುಮಾಸ್ತೆಯನ್ನೂ ಶಾರ್ಟ್‌ಕಟ್‌ನನ್ನೂ ತಮ್ಮ ಕೋಣೆಗೆ ಕರೆಸಿದರು. ಒಳ್ಳೆಯ ಮನುಷ್ಯರೇ. ಆದರೆ ಮೇಲಿನವರಿಗೆ ಉತ್ತರ ಬರೆಯಬೇಕಾದಾಗ ಒಳ್ಳೆಯತನವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

"ಪಟ್ಟಿ ಸಿದ್ಧ ಮಾಡಿದ್ದು ನೀವು, ಇವರು ಬರೀ ಜಾಬ್ ಓಡಿಸಿದ್ದು. ಕಡತದ ಮೇಲೂ ನಿಮ್ಮ ಗುರುತೇ ಇದೆ" ಎಂದರು. "ಹಲ್ಲುನೋವಿನಲ್ಲಿ ಏನೋ ಆಗಿರಬಹುದು. ನನಗೂ ಅರ್ಥ ಆಗುತ್ತೆ. ಆದ್ರೆ ಒಂದು ವಿವರಣೆ ಬರೆದುಕೊಡಬೇಕಾಗುತ್ತೆ ನೀವು. ಸರ್ವೀಸ್ ಪುಸ್ತಕದಲ್ಲಿ ಒಂದು ಸಾಲು ಬರುತ್ತೆ, ಅಷ್ಟೇ."

"ಮೂವತ್ತೊಂದು ವರ್ಷದಲ್ಲಿ ಬಂದಿಲ್ಲ ಸರ್" ಎಂದಳು ಅವಳು.

ಈಗ ಹೇಳಬೇಕು ಎಂದುಕೊಂಡ ಶಾರ್ಟ್‌ಕಟ್. ನಾನು ಓಡಿಸಿದೆ ಸರ್, ಒಂದು ಮ್ಯಾಕ್ರೋ. ಮ್ಯಾಕ್ರೋ ಎಂದ ಕೂಡಲೇ ಯಾವುದು ತೋರಿಸಿ ಎನ್ನುತ್ತಾರೆ. ತೋರಿಸಿದರೆ ಹೆಸರು ಕಾಣುತ್ತದೆ. ಅವಳೆದುರಿಗೇ ಕಾಣುತ್ತದೆ. ನಾಲಿಗೆ ಹೊರಳಲಿಲ್ಲ.

ಸೂಪರಿಂಟೆಂಡೆಂಟರು ಅವನ ಕಡೆ ತಿರುಗಿದರು. "ಇನ್ಮೇಲೆ ಇದನ್ನೆಲ್ಲ ಕೈಯಿಂದ ಮಾಡೋದು ಬೇಡ. ನೀವೇ ಏನಾದ್ರೂ ಬರೀರಿ, ಯಂತ್ರಾನೇ ಜೋಡಿಸೋ ಹಾಗೆ. ಮನುಷ್ಯರಾದ್ರೆ ತಪ್ಪು ಮಾಡ್ತಾರೆ. ಆಗುತ್ತಲ್ಲ?"

"ನೋಡ್ತೀನಿ ಸರ್" ಎಂದ ಅವನು. ಪಕ್ಕದಲ್ಲಿ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

ಹೊರಗೆ ಬಂದ ಮೇಲೆ ಆಪರೇಟರ್ ಕಿವಿಯ ಹತ್ತಿರ ಬಂದು, "ಸುಮ್ನಿರು ಮಾರಾಯ. ಹೇಗೂ ರಿಟೈರ್ ಆಗ್ತಾರೆ, ಒಂದು ಸಾಲು ಬಂದ್ರೆ ಏನು ಗಂಟು ಹೋಗುತ್ತೆ? ನಿಂಗಿನ್ನೂ ಇಪ್ಪತ್ತು ವರ್ಷ ಇದೆ" ಎಂದ. ಸಮಾಧಾನ ಹೇಳಿದವನನ್ನು ಹೊಡೆಯಬೇಕು ಎನ್ನಿಸುವಷ್ಟು ಸಿಟ್ಟು ಬಂತು ಶಾರ್ಟ್‌ಕಟ್‌ಗೆ. ಯಾಕೆಂದರೆ ಅವನೂ ಒಳಗೊಳಗೆ ಅದೇ ಲೆಕ್ಕ ಹಾಕುತ್ತಿದ್ದ.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ನಿಮ್ಮ ಅಜ್ಜಿ ಹೇಗಿದಾರೆ? ಹಲ್ಲು ವಾಸಿ ಆಯ್ತಾ?" ಅವಳು ಪ್ರೈಮರಿ ಶಾಲೆಯ ಟೀಚರ್. ನಲವತ್ತು ಮಕ್ಕಳ ಮುಖ ನೋಡಿ ಯಾರು ಪೆನ್ಸಿಲ್ ಕದ್ದರೆಂದು ಹೇಳುವವಳು. ಅವನು ನಡೆದದ್ದನ್ನೆಲ್ಲ ಹೇಳಿದ. ಆದರೆ ಮ್ಯಾಕ್ರೋ ಓಡಿಸಿದವನು ಆಪರೇಟರ್ ಎಂದು ಹೇಳಿದ. ಕಥೆ ಸಲೀಸಾಗಿ ಬಂತು, ಅವನಿಗೇ ಆಶ್ಚರ್ಯವಾಗುವಷ್ಟು.

ಹೆಂಡತಿ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. "ಆ ಹೆಂಗಸು ಎದುರಿಗೆ ಬೈಸ್ಕೋತಿದ್ರೆ ಆ ಮನುಷ್ಯ ಸುಮ್ನೆ ಕೂತಿದ್ನಾ?"

"ಹೂಂ."

"ಅವನಿಗೆ ಊಟ ಸೇರುತ್ತಾ?"

ಅವನು ತಟ್ಟೆ ನೋಡಿದ. ಅರ್ಧ ಖಾಲಿಯಾಗಿತ್ತು. ಸೇರುತ್ತಿದೆ ಎಂದು ಗೊತ್ತಾಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕೈ ತೊಳೆದು ಎದ್ದವನನ್ನು ಹೆಂಡತಿ ಒಂದು ಥರ ನೋಡಿದಳು, ಆದರೆ ಇನ್ನೇನೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕಚೇರಿಗೆ ಬಂದ. ಹೇಳಿಬಿಡುವುದೆಂದು ನಿರ್ಧಾರವಾಗಿತ್ತು. ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮ್ಯಾಕ್ರೋಗಳ ಪಟ್ಟಿ ತೆರೆದಾಗ ಆ ನಾಲ್ಕಕ್ಷರ ಎಲ್ಲದಕ್ಕಿಂತ ಮೇಲೆ ನಿಂತು ಅವನನ್ನೇ ನೋಡುತ್ತಿತ್ತು. ತಪ್ಪು ಒಪ್ಪಿಕೊಳ್ಳುವುದು ಸರಿ. ಹೆಸರಿನ ವಿಷಯ ಬೇರೆ, ಅದರಿಂದ ಯಾವ ರೋಗಿಗೂ ತೊಂದರೆಯಾಗಿಲ್ಲ, ಸುಮ್ಮನೆ ಒಬ್ಬ ಹಿರಿಯರಿಗೆ ನೋವಾಗುತ್ತದೆ ಎಂದುಕೊಂಡ. ಎಷ್ಟು ಮರ್ಯಾದಸ್ಥ ಯೋಚನೆ! ಹೆಸರು ಬದಲಿಸಲು ಅದರ ಪಕ್ಕದಲ್ಲಿ ಆರ್ ಒತ್ತಿ, ಹೊಸ ಹೆಸರು ಹೊಡೆದ. ಜೋಡಿಸು ಎಂಬ ಅರ್ಥದ, ಯಾರಿಗೂ ತಾಗದ ಒಂದು ಇಂಗ್ಲಿಷ್ ಪದ. ಒಂದು ಸೆಕೆಂಡಿನ ಕೆಲಸ. ಮೈ ಹಗುರಾಯಿತು.

ಹತ್ತು ಗಂಟೆಗೆ ಸೂಪರಿಂಟೆಂಡೆಂಟರ ಕೋಣೆಗೆ ಹೋದಾಗ ಅವಳು ಅದಾಗಲೇ ಅಲ್ಲಿದ್ದಳು. ಮೇಜಿನ ಮೇಲೆ ಅವಳ ವಿವರಣೆಯ ಕಾಗದ. ದುಂಡನೆಯ ಅಕ್ಷರ, ಒಂದು ಚಿತ್ತಿಲ್ಲ. "ನನ್ನ ಗಮನಕ್ಕೆ ಬಾರದೆ ಆದ ತಪ್ಪಿಗೆ" ಎಂಬಷ್ಟು ಅವನ ಕಣ್ಣಿಗೆ ಬಿತ್ತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಸರ್, ಅದನ್ನ ತಗೋಬೇಡಿ. ಪಟ್ಟಿ ಕೆಡಿಸಿದ್ದು ನಾನು."

ಇಬ್ಬರೂ ಅವನತ್ತ ನೋಡಿದರು. ಅವನು ನಿಂತಲ್ಲೇ, ಒಂದೇ ಉಸಿರಿಗೆ, ಹೇಳಿದ. ಮ್ಯಾಕ್ರೋ ಬರೆದದ್ದು, ಚೀಟಿ ಇದ್ದರೂ ಓಡಿಸಿದ್ದು, ಅವಳು ಕೇಳಿದಾಗ ಇಲ್ಲವೆಂದದ್ದು, ಎಂಬತ್ತನೇ ಜಾಗ ಖಾಲಿಯಿದ್ದದ್ದು ಕೂಡ. ಸೂಪರಿಂಟೆಂಡೆಂಟರ ಮುಖ ಕೆಂಪಾಯಿತು. "ನಿನ್ನೆ ಇಲ್ಲೇ ನಿಂತಿದ್ರಲ್ಲ ನೀವು? ಬಾಯಲ್ಲಿ ಏನಿಟ್ಕೊಂಡಿದ್ರಿ?" ಎಂದರು. ಅವನು ತಲೆ ತಗ್ಗಿಸಿದ. ಬೈಗುಳ ಬಿದ್ದಷ್ಟೂ ಒಳಗೆ ಒಂದು ಥರ ನೆಮ್ಮದಿಯೇ ಆಗುತ್ತಿತ್ತು.

"ತೋರಿಸಿ ಅದೇನು ಅಂತ" ಎಂದು ಅವರು ತಮ್ಮ ಪರದೆಯನ್ನು ಅವನತ್ತ ತಿರುಗಿಸಿದರು. ಅವನು ಪಟ್ಟಿಯ ನಕಲೊಂದನ್ನು ತೆರೆದು, ಮೇಲಿನ ಗೆರೆಯಲ್ಲಿ ಹೊಸ ಹೆಸರು ಹೊಡೆದು, ಎಂಟರ್ ಒತ್ತಿದ. ಸಾಲುಗಳು ಜಿಗಿದವು.

ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಿದ್ದಳು.

"ಹೆಸರು ಬದಲಾಯಿಸಿದ್ರಾ?" ಎಂದಳು.

ಎಷ್ಟು ಸಾಧಾರಣವಾಗಿ ಕೇಳಿದಳೆಂದರೆ, ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ನಿಂತ ನೆಲ ಬಾಯಿಬಿಟ್ಟು ನುಂಗಬಾರದೆ ಎನ್ನಿಸಿತು.

"ಮೊದಲು ಏನಿತ್ತು ಹೆಸರು?" ಎಂದರು ಸೂಪರಿಂಟೆಂಡೆಂಟರು ಅವಳನ್ನು.

"ನಂಗೆ ನೆನಪಿಲ್ಲ ಸರ್. ಅವರನ್ನೇ ಕೇಳಿ."

ಅವರು ಅವನನ್ನು ನೋಡಿದರು. ಅವಳು ನೋಡಲಿಲ್ಲ. ತನ್ನ ವಿವರಣೆಯ ಕಾಗದವನ್ನು ಮೇಜಿನಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡುತ್ತಿದ್ದಳು. ಹೇಳದೆ ಇರುವ ದಾರಿ ಯಾವುದೂ ಉಳಿದಿರಲಿಲ್ಲ.

"ಅಜ್ಜಿ" ಎಂದ ಅವನು.

"ಏನು?"

"ಅಜ್ಜಿ ಅಂತ ಇಟ್ಟಿದ್ದೆ ಸರ್."

ಸೂಪರಿಂಟೆಂಡೆಂಟರು ಅವಳ ಮುಖ ನೋಡಿ ಕನ್ನಡಕ ತೆಗೆದು ಒರೆಸಿದರು. ಅವರೂ ಆ ಹೆಸರನ್ನು ಎಷ್ಟೋ ಸಲ ಆಡಿದ್ದವರೇ. "ವಿವರಣೆ ನೀವು ಬರೆದುಕೊಡಿ. ಸಂಜೆಯೊಳಗೆ. ನಿಮ್ಮ ಪುಸ್ತಕದಲ್ಲೇ ಬರುತ್ತೆ" ಎಂದು ಅವನಿಗೆ ಹೇಳಿ, ಇಬ್ಬರನ್ನೂ ಕಳಿಸಿದರು.

ಪಡಸಾಲೆಯಲ್ಲಿ ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. "ಮೇಡಂ" ಎಂದ. ಅವಳು ನಿಂತಳು. ಅವನು ಕ್ಷಮಿಸಿ ಎಂದ. ಹೊರಗೆ ಬಂದ ಮಾತು ಅವನಿಗೇ ಜುಜುಬಿಯೆನಿಸಿತು.

"ಹೆಸರು ಮೊದಲಿಂದಲೂ ಗೊತ್ತಿತ್ತು" ಎಂದಳು ಅವಳು. "ಅಷ್ಟು ಜನ ಒಂದೇ ಸಲ ನಕ್ರೆ ಗೊತ್ತಾಗಲ್ವಾ? ಒಂದಿನ ಹುಡುಕಿದೆ, ಸಿಕ್ತು. ನಾನೂ ಓಡಿಸಿ ನೋಡ್ದೆ, ನಿಜವಾದ ಪಟ್ಟೀಲೇ."

ಅವನು ತಲೆ ಎತ್ತಿದ.

"ಚೆನ್ನಾಗಿ ಬರೆದಿದೀರಿ. ನಂಗೂ ಎರಡು ಗಂಟೆ ಉಳಿಯುತ್ತಲ್ಲ ಅಂತ ಆಸೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನೋಡಿದ್ರೆ ರದ್ದಾದೋರೆಲ್ಲ ಕೆಳಗೆ ಹೋಗಿದ್ರು. ಉಳಿಸದೆ ಕ್ಯಾನ್ಸಲ್ ಕೊಟ್ಟು ಆಚೆ ಬಂದೆ." ಅವಳು ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡಳು. "ಅದಕ್ಕೇ ಚೀಟೀಲಿ ಹಾಗೆ ಬರೆದಿದ್ದು."

"ಮತ್ತೆ... ನಿನ್ನೆ ಯಾಕೆ ನೀವು ಸಾಹೇಬರ ಹತ್ರ ಹೇಳ್ಲಿಲ್ಲ?"

"ನಿಮ್ಮನ್ನ ಕೇಳಿದ್ನಲ್ಲ. ಮುಟ್ಟಿಲ್ಲ ಅಂದ್ರಿ." ಹೊರಡಲು ತಿರುಗಿ ಹೇಳಿದಳು, "ಇನ್ನೊಂದು ಸಲ ಕೇಳೋಕೆ ನಂಗೇ ನಾಚ್ಕೆ ಆಯ್ತು."

ಅವಳು ಒಳಗೆ ಹೋದಳು. ಅವನು ಗೋಡೆ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಕಣ್ಣಲ್ಲಿ ನೀರು ಬಂದಿತ್ತು. ಯಾರಾದರೂ ನೋಡಿಯಾರು ಎಂದು ತೋಳಿನಿಂದ ಒರೆಸಿಕೊಂಡ.

ಅವನು ವಿಭಾಗದೊಳಕ್ಕೆ ಬಂದಾಗ ಅವಳು ಆ ದಿನದ ಪಟ್ಟಿ ತೆರೆದು ಕೂತಿದ್ದಳು. ಆಪರೇಟರ್ ಯಾವುದೋ ಕಾಗದದಲ್ಲಿ ಮುಖ ಹುದುಗಿಸಿದ್ದ. ಶಾರ್ಟ್‌ಕಟ್ ತನ್ನ ಮೇಜಿಗೆ ಹೋಗದೆ ಕಿಟಕಿಯ ಹತ್ತಿರ ಹೋಗಿ ನಿಂತ.

"ಎಂಬತ್ತನೇ ಜಾಗದಲ್ಲಿ ಅಂಕಿ ಹಾಕೋದಾದ್ರೆ, ಯಾರ್ಯಾರಿಗೆ ಎಷ್ಟು ಅಂತ ಹೇಳ್ತೀರಾ ಮೇಡಂ? ಬರ್ಕೋತೀನಿ."

"ಮುನ್ನೂರು ಜನ ಇದಾರೆ."

"ಆಗ್ಲಿ."

ಅವಳು ಎಡ ಅಂಚಿನಲ್ಲಿ ಎಂ ಒತ್ತಿ, ಪುಟ ತಿರುವಿ, ಜಾಗ ಹುಡುಕತೊಡಗಿದಳು. ಆ ಮೇಜಿನ ಹತ್ತಿರ ಇದ್ದದ್ದು ಒಂದೇ ಕುರ್ಚಿ. ಅವನು ಪೆನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತೇ ಇದ್ದ. ಎಷ್ಟೋ ಹೊತ್ತಿನ ಮೇಲೆ, ಕಣ್ಣು ಪರದೆಯಿಂದ ತೆಗೆಯದೆ, ಅವಳು ಮೊದಲನೆಯ ಹೆಸರು ಹೇಳಿದಳು.